ಕೊರಗ ಹುಡುಗನ ಕಾದಂಬರಿ ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ಕೊರಗರಂಥ ಬುಡಕಟ್ಟಿನ ಹುಡುಗನೊಬ್ಬ ಕಷ್ಟಗಳ ನಡುವೆ ಬೆಳೆದು ದೊಡ್ಡವನಾಗುವುದನ್ನು ಕಾದಂಬರಿ ಮಾಡಬೇಕೆಂಬ ಆಸೆ ನಮ್ಮ ಕಡೆಯ ಬರಹಗಾರರಲ್ಲಿ ಹುಟ್ಟಿರುವುದು ಸಂತೋಷದ ವಿಷಯ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕನ್ನಡ ಶಾಲೆಗಳ ಗ್ರಂಥಾಲಯಕ್ಕೆ ಅಂಥ ಪುಸ್ತಕ ಬೇಕೇ ಬೇಕು. ಆದರೆ ಕೈಗೆ ಬರುವ ಹಸ್ತಪ್ರತಿಗಳನ್ನೂ ಪುರವಣಿಗಳಲ್ಲಿ ಬರುವ ನೀಳ್ಗತೆಗಳನ್ನೂ ಓದುವಾಗ ಒಂದು ಆತಂಕ ಕಾಡುತ್ತದೆ. ಹುಡುಗ ಕಾಸರಗೋಡಿನವನು, ಕಥೆಯ ಅಚ್ಚು ಮಾತ್ರ ಎಲ್ಲಿಂದಲೋ ಬಂದದ್ದು. ಹೀಗಾಗುವುದು ಎಲ್ಲೆಲ್ಲಿ, ಅದನ್ನು ಸರಿಪಡಿಸುವುದು ಹೇಗೆ ಎಂದು ಸ್ವಲ್ಪ ವಿವರವಾಗಿ ಬರೆಯಲು ನಿಮ್ಮ ಪತ್ರಿಕೆಯಲ್ಲಿ ಜಾಗ ಕೋರುತ್ತೇವೆ.

ಆ ಅಚ್ಚು ಅಮೆರಿಕ, ಕೆನಡಾ ದೇಶಗಳದ್ದು. ಅಲ್ಲಿ ಅದು ಸುಮ್ಮನೆ ಹುಟ್ಟಿದ್ದಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ವಸತಿಶಾಲೆ ಮೂಲನಿವಾಸಿ ಮಕ್ಕಳ ಕೂದಲು ಕತ್ತರಿಸಿತು, ಹೆಸರು ಬದಲಿಸಿತು, ಮನೆಮಾತು ಆಡದಂತೆ ತಡೆಯಿತು. ಕೆನಡಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಅಂಥ ಶಾಲೆಗಳನ್ನು ಹಾದುಹೋದರು. ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ವರದಿ ಕೊಟ್ಟು, ನಡೆದದ್ದನ್ನು ಸಾಂಸ್ಕೃತಿಕ ನರಮೇಧ ಎಂದೇ ಕರೆಯಿತು. ಆದ್ದರಿಂದ ಅಲ್ಲಿನ ಕಾದಂಬರಿಗಳಲ್ಲಿ ಶಾಲೆ ಖಳನಾಗುವುದು, ಬೆಟ್ಟ ತಾಯಿಮನೆಯಾಗುವುದು, ಹುಡುಗ ಕೊನೆಗೆ ಬೆಟ್ಟಕ್ಕೆ ಮರಳಿ ತನ್ನನ್ನು ಕಂಡುಕೊಳ್ಳುವುದು ನ್ಯಾಯವೇ. ಮೀಂಜದ ಅಥವಾ ಎಣ್ಮಕಜೆಯ ಕೊರಗ ಹುಡುಗನನ್ನು ಅದೇ ಅಚ್ಚಿಗೆ ಹಾಕಿದರೆ ಕಥೆ ಸುಳ್ಳಾಗುತ್ತದೆ. ಇಲ್ಲಿ ಶಾಲೆ ಬೇಕು ಎಂದು ಕೇಳುತ್ತಿರುವುದು ಸಮುದಾಯವೇ. ಮರಳಿ ಹೋಗಬೇಕಾದ ಗುಡ್ಡೆ ಒಂದೋ ಸರಕಾರಿ ಗೇರುತೋಟವಾಗಿದೆ, ಇಲ್ಲವೇ ಅಕೇಶಿಯಾ ನೆಡುತೋಪು, ಇಲ್ಲವೇ ಯಾರದೋ ಪಟ್ಟಾ ಜಾಗ.

ಕೊರಗರು ದೇಶದ 75 ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಬ್ಬರು. ಕೇರಳದಲ್ಲಿ ಅಂಥವು ಐದು: ಕಾಡರ್, ಕಾಟ್ಟುನಾಯ್ಕನ್, ಕುರುಂಬರ್, ಚೋಲನಾಯ್ಕನ್, ಕೊರಗ. 2011ರ ಜನಗಣತಿಯಂತೆ ಕೇರಳದ ಕೊರಗರು ಒಂದೂವರೆ ಸಾವಿರದ ಆಸುಪಾಸು, ಕರ್ನಾಟಕದಲ್ಲಿ ಅದರ ಒಂಬತ್ತು ಪಾಲಿಗಿಂತ ಹೆಚ್ಚು. ಇಷ್ಟು ಚಿಕ್ಕ ಸಮುದಾಯದ ಬಗ್ಗೆ ಬರೆಯುವಾಗ ಒಂದು ತಪ್ಪು ವಿವರವೂ ಯಾರದ್ದೋ ಮನೆಬಾಗಿಲಿಗೆ ಹೋಗಿ ನಿಲ್ಲುತ್ತದೆ. ಇನ್ನೊಂದು, ಜಿಲ್ಲೆಯ ಬುಡಕಟ್ಟುಗಳನ್ನೆಲ್ಲ ಒಂದೇ ಪಾತ್ರದಲ್ಲಿ ಕಲಸಬಾರದು. ಮರಾಟಿಗರು ಬೇಸಾಯದವರು. ಅವರನ್ನು ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಿಂದ ತೆಗೆದು, 2013ರಲ್ಲಿ ಮತ್ತೆ ಸೇರಿಸಲಾಯಿತು. ಮಾವಿಲರು, ಮಲೆವೇಟ್ಟುವರು ದಕ್ಷಿಣದ ಕಡೆಯವರು, ಅವರ ಬದುಕು ಬೇರೆ. ಮರಾಟಿ ಹುಡುಗನ ಕೈಗೆ ಕೊರಗರ ಡೋಲು ಕೊಟ್ಟ ಕಥೆಯೂ ಉಂಟು.

ಮೊದಲು ಇಸವಿಯ ಲೆಕ್ಕ. ಕಾದಂಬರಿ ಎಡವುವುದು ಹೆಚ್ಚಾಗಿ ಇಲ್ಲೇ. ನಾಯಕ 2010ರ ಮೇ ತಿಂಗಳೊಳಗೆ ಹುಟ್ಟಿದವನು ಎಂದಿಟ್ಟುಕೊಳ್ಳಿ. ಆಗ ಕೇರಳದಲ್ಲಿ ಐದು ತುಂಬಿದರೆ ಒಂದನೇ ತರಗತಿ. ಅಂದರೆ 2015ರ ಜೂನಿನಲ್ಲಿ ಅವನು ಶಾಲೆ ಸೇರುತ್ತಾನೆ. 2020ರ ಮಾರ್ಚಿನಲ್ಲಿ ಐದನೆಯಲ್ಲಿದ್ದಾಗ ಶಾಲೆ ಮುಚ್ಚುತ್ತದೆ, ತಲಪಾಡಿಯಲ್ಲೂ ಒಳದಾರಿಗಳಲ್ಲೂ ಕರ್ನಾಟಕದ ಗಡಿ ಮುಚ್ಚುತ್ತದೆ. ಕೆಲವು ಕಡೆ ರಸ್ತೆಗೆ ಮಣ್ಣು ಸುರಿದಿದ್ದರು. ಕಾಯಿಲೆ ಬಿದ್ದರೆ ಮಂಗಳೂರಿಗೆ ಹೋಗುವ ರೂಢಿಯ ಊರುಗಳಲ್ಲಿ ಅದರ ಅರ್ಥ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆರನೇ ತರಗತಿ ಪೂರ್ತಿ ಟಿ.ವಿ. ಮತ್ತು ಮೊಬೈಲಿನಲ್ಲಿ ಕಳೆಯುತ್ತದೆ. 2020ರ ಜೂನ್ 1ಕ್ಕೆ ಕೇರಳ ಸರಕಾರದ ಶಿಕ್ಷಣ ವಾಹಿನಿ ವಿಕ್ಟರ್ಸ್ ಚಾನೆಲ್‌ನಲ್ಲಿ ಪಾಠ ಶುರುವಾಯಿತು. ಕನ್ನಡ ಮಾಧ್ಯಮದ ಮಕ್ಕಳು ತಮ್ಮ ಪಾಠವನ್ನು ಯೂಟ್ಯೂಬಿನಲ್ಲೂ ಸ್ಥಳೀಯ ಕೇಬಲ್‌ನಲ್ಲೂ ಹುಡುಕಿಕೊಳ್ಳಬೇಕಾಯಿತು. ಶಾಲೆ ಮತ್ತೆ ತೆರೆದದ್ದು 2021ರ ನವೆಂಬರ್ 1ಕ್ಕೆ. ಆಗ ಅವನು ಏಳನೆಯ ಅರ್ಧ ದಾಟಿದ್ದಾನೆ. ಹೈಸ್ಕೂಲು ಸೇರುವುದು 2022ರಲ್ಲಿ, ಎಸ್ಸೆಸ್ಸೆಲ್ಸಿ 2025ರ ಮಾರ್ಚಿನಲ್ಲಿ. ಈ ಹುಡುಗನ ಕಥೆಯಲ್ಲಿ ಒಂದೂವರೆ ವರ್ಷದ ಆ ಖಾಲಿ ಜಾಗ ಕಾಣದಿದ್ದರೆ ಕಾದಂಬರಿಕಾರ ಕ್ಯಾಲೆಂಡರ್ ನೋಡಿಲ್ಲ ಎಂದೇ ಅರ್ಥ.

ಹಾಗೆಯೇ ಎಂಡೋಸಲ್ಫಾನ್ ಕೀಟನಾಶಕ. ಎಣ್ಮಕಜೆ, ಬೆಳ್ಳೂರು ಕಡೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧ ಸುರಿದದ್ದು 2000ನೇ ಇಸವಿಯ ತನಕ. 2010ರಲ್ಲಿ ಹುಟ್ಟಿದವನು ಹೆಲಿಕಾಪ್ಟರ್ ನೋಡಿರಲು ಸಾಧ್ಯವಿಲ್ಲ. ನೋಡಿದ್ದರೆ ಅವನ ತಾಯಿ, ಸೋದರಮಾವ ನೋಡಿರಬೇಕು. ಅವನ ಪಾಲಿಗೆ ಬರುವುದು ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರ ಆರೈಕೆ, ವೈದ್ಯಕೀಯ ಶಿಬಿರದ ಚೀಟಿ, ಪಟ್ಟಿಯಲ್ಲಿ ಹೆಸರು ಸೇರಿದೆಯೋ ಬಿಟ್ಟಿದೆಯೋ ಎಂಬ ಅಲೆದಾಟ. ಸುಪ್ರೀಂ ಕೋರ್ಟು 2011ರಲ್ಲಿ ದೇಶಾದ್ಯಂತ ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಕಾದಂಬರಿಯಲ್ಲಿ ಕೋರ್ಟು ಹೇಳಿದ ದುಡ್ಡು ಬರುವುದಾದರೆ 2017ರ ನಂತರ ಬರಬೇಕು.

ಕೊರಗರನ್ನು ಕೀಳಾಗಿ ಕಂಡು ದುಡಿಸುವ, ಅವಮಾನಿಸುವ ಪದ್ಧತಿಯಾದ ಅಜಲಿನ ವಿಷಯಕ್ಕೆ ಬರೋಣ. ಇದನ್ನು ಬಿಟ್ಟು ಕೊರಗರ ಕಥೆ ಬರೆಯಲಾಗುವುದಿಲ್ಲ. ಆದರೆ ಕಾನೂನಿನ ಮಟ್ಟಿಗೆ ಬರಹಗಾರರೆಲ್ಲ ಎಡವುತ್ತಿರುವುದೂ ಇಲ್ಲೇ. ಅಜಲು ಪದ್ಧತಿ ನಿಷೇಧ ಕಾಯಿದೆ 2000ದ್ದು, ಕರ್ನಾಟಕದ್ದು. ಕೂದಲು, ಉಗುರು ಮುಂತಾದ ತಿನ್ನಬಾರದ್ದನ್ನು ಅನ್ನದಲ್ಲಿ ಕಲಸಿ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಕೂಲಿ ಕೊಡದೆ ಅಥವಾ ಇತರರಿಗಿಂತ ಕಡಿಮೆ ಕೂಲಿ ಕೊಟ್ಟು ದುಡಿಸುವುದು ಇವೆಲ್ಲ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ತಲಪಾಡಿ ದಾಟಿ ಈಚೆ ಬಂದರೆ ಆ ಕಾಯಿದೆ ಇಲ್ಲ. ಇಲ್ಲಿ ಹಿಡಿಯಬೇಕಾದ್ದು 1989ರ ಕೇಂದ್ರದ ದೌರ್ಜನ್ಯ ತಡೆ ಕಾಯಿದೆ. ತಿನ್ನಬಾರದ್ದನ್ನು ತಿನ್ನಿಸುವುದು ಅದರ 3ನೇ ಸೆಕ್ಷನ್ನಿನ ಮೊದಲ ಅಪರಾಧವೇ ಆಗಿದೆ. 1995ರ ನಿಯಮಗಳ 7ನೇ ನಿಯಮದಂತೆ ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಠಾಣೆಯ ಎಸ್ಸೈ ಒಬ್ಬರೇ ಬಂದು, ವಿಚಾರಿಸಿ, ತನಿಖೆ ಮುಗಿಸಿ ಆರೋಪಪಟ್ಟಿ ಹಾಕಿಬಿಡುವ ಅಧ್ಯಾಯ ಓದಲು ಬಿಗಿಯಾಗಿರಬಹುದು, ಆದರೆ ನ್ಯಾಯಾಲಯದಲ್ಲಿ ಆ ಪ್ರಕರಣ ಬಿದ್ದುಹೋಗಬಹುದು. ಆ ಬಿದ್ದುಹೋಗುವಿಕೆಯೇ ಒಳ್ಳೆಯ ಕಥಾವಸ್ತು. ಕಾದಂಬರಿಕಾರರಿಗೆ ಗೊತ್ತಿದ್ದರೆ ಬಳಸಿಕೊಳ್ಳುತ್ತಿದ್ದರು.

ಡೋಲು ಬಾರಿಸುವ ದೃಶ್ಯವಿಲ್ಲದ ಕೊರಗ ಕಥೆಯೇ ಇಲ್ಲ ಎಂಬಂತಾಗಿದೆ. ಕರೆದಲ್ಲಿಗೆ ಹೋಗಿ ಬಾರಿಸಲೇಬೇಕು ಎಂಬ ಕಟ್ಟುಪಾಡಿನ ಡೋಲು ಬೇರೆ. ತಮ್ಮ ಮನೆಯ ಮದುವೆಯಲ್ಲಿ, ತಮ್ಮ ಸಂಘದ ಕಾರ್ಯಕ್ರಮದಲ್ಲಿ, ಸಂಭಾವನೆ ಮಾತಾಡಿಕೊಂಡು ವೇದಿಕೆಯಲ್ಲಿ ಬಾರಿಸುವ ಡೋಲು ಬೇರೆ. ತಂದೆ ಮೊದಲನೆಯದನ್ನು ಬಿಟ್ಟವರು, ಮಗನಿಗೆ ಎರಡನೆಯದರ ಮೇಲೆ ಆಸೆ ಎಂದು ಬರೆದರೆ ಮನೆಯೊಳಗೆ ನಿಜವಾಗಿ ನಡೆಯುವ ಜಗಳ ಸಿಗುತ್ತದೆ. ಎರಡನ್ನೂ ಬೆರೆಸಿ, ಡೋಲಿನ ಸದ್ದಿಗೆ ಹುಡುಗನ ರಕ್ತ ಕುದಿಯಿತು ಎಂದು ಬರೆಯುವುದು ಆ ತಂದೆಗೆ ಮಾಡುವ ಅನ್ಯಾಯ. ಕೊನೆಯ ಅಧ್ಯಾಯದಲ್ಲಿ ಕೊರಗಜ್ಜನನ್ನು ಕರೆಸಿ ಎಲ್ಲ ತೊಡಕು ಬಿಡಿಸುವುದನ್ನೂ ದಯವಿಟ್ಟು ನಿಲ್ಲಿಸಬೇಕು. ಅಜ್ಜನಿಗೆ ಚಕ್ಕುಲಿ, ವೀಳ್ಯದೆಲೆ ಇಡುವ ಕೈಯೇ ಕೊರಗ ಹುಡುಗನಿಗೆ ಲೋಟ ಬೇರೆ ಇಡುವುದನ್ನು ಬರೆಯಲು ಧೈರ್ಯ ಇದ್ದವರು ಮಾತ್ರ ಆ ದೈವದ ಹೆಸರೆತ್ತಲಿ.

ಬುಟ್ಟಿ ಹೆಣೆಯುವುದನ್ನು ಬರೆಯುವವರು ಒಮ್ಮೆಯಾದರೂ ಪಕ್ಕದಲ್ಲಿ ಕೂತು ನೋಡಬೇಕು. ಕಾಡಿನ ಬೂರು (ಬಳ್ಳಿ) ಹಸಿಯಿರುವಾಗ ಬಾಗುತ್ತದೆ, ಒಣಗಿದರೆ ಗಂಟಿನಲ್ಲಿ ಸೀಳುತ್ತದೆ. ಆದ್ದರಿಂದ ತಂದದ್ದನ್ನು ಸಿಪ್ಪೆ ತೆಗೆದು ಹದಕ್ಕೆ ಸೀಳಿಟ್ಟುಕೊಳ್ಳಬೇಕು. ಒಣಗಿದ್ದರೆ ನೀರಲ್ಲಿ ನೆನೆಹಾಕಿ ಮತ್ತೆ ಮೆತ್ತಗೆ ಮಾಡಬೇಕು. ಬುಟ್ಟಿ ಶುರುವಾಗುವುದು ತಳದಿಂದ. ಗಟ್ಟಿ ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ನಡುವೆ ಬಿಗಿದು, ಕಿರಣಗಳಂತೆ ಬಿಡಿಸುತ್ತಾರೆ. ಎಂಟು ಕಡ್ಡಿ ಇಟ್ಟರೆ ಹದಿನಾರು ಕಾಲು. ಒಂದೇ ಎಳೆಯಿಂದ ಮೇಲೆ-ಕೆಳಗೆ ಹೆಣೆಯುತ್ತ ಸುತ್ತು ಬಂದರೆ, ಕಾಲು ಸಮಸಂಖ್ಯೆಯಾಗಿದ್ದಾಗ ಎರಡನೇ ಸುತ್ತಿನ ಎಳೆ ಮೊದಲ ಸುತ್ತಿನ ಮೇಲೆಯೇ ಕೂರುತ್ತದೆ, ಹೆಣಿಗೆ ಕಚ್ಚಿಕೊಳ್ಳುವುದೇ ಇಲ್ಲ. ಒಂದು ಅರ್ಧ ಕಡ್ಡಿ ಸಿಕ್ಕಿಸಿ ಹದಿನೇಳು ಮಾಡಿದರೆ ಸುತ್ತಿನಿಂದ ಸುತ್ತಿಗೆ ಎಳೆ ಅದಲುಬದಲಾಗಿ ತಳ ಬಿಗಿಯುತ್ತದೆ. ಕಲಿಯುವ ಹುಡುಗ ಮೊದಲು ತಪ್ಪುವುದು ಈ ಬೆಸಸಂಖ್ಯೆಯಲ್ಲಿ. ಎರಡನೆಯ ತಪ್ಪು, ತಳ ಆದ ಮೇಲೆ ಕಾಲುಗಳನ್ನು ಒದ್ದೆ ಮಾಡದೆ ಮೇಲಕ್ಕೆ ಮಡಚುವುದು; ಆಗ ಅಂಚು ಒಡೆಯುತ್ತದೆ. ಮೂರನೆಯದು, ಎಳೆಯನ್ನು ಜಗ್ಗಿ ಎಳೆಯುವುದು. ಆಗ ಬಾಯಿ ಕಿರಿದಾಗಿ ಬುಟ್ಟಿ ಒಂದು ಕಡೆ ವಾಲುತ್ತದೆ. ಅನ್ನ ಬಸಿಯುವ ಕುಡುಪಿಗೆ ಬೇಕಾದ ಸಂದು ಬೇರೆ, ಗೊಬ್ಬರ ಹೊರುವ ಬುಟ್ಟಿಯ ಬಿಗಿ ಬೇರೆ. ಹುಡುಗನೊಬ್ಬ ಸೋದರಮಾವನ ಎದುರು ಕೂತು ಹದಿನಾರನ್ನು ಹದಿನೇಳು ಮಾಡಲು ಕಲಿಯುವ ಎರಡು ಪುಟ ಬರೆದರೆ, "ಪಾರಂಪರಿಕ ಕುಲಕಸುಬು" ಎಂಬ ಮಾತು ಕಾದಂಬರಿಯಲ್ಲಿ ಎಲ್ಲೂ ಬರೆಯಬೇಕಾಗಿಲ್ಲ.

ಬೂರು ಎಲ್ಲಿಂದ ತರುತ್ತಾರೆ ಎಂಬುದೂ ಕಥೆಯೊಳಗೆ ಇರಬೇಕು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರು, ಬೆತ್ತ ಸಹಿತ ಮರಮಟ್ಟಲ್ಲದ ಸಸ್ಯೋತ್ಪನ್ನವನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು, ಸಂಗ್ರಹಿಸಿ ಮಾರುವ ಹಕ್ಕು ಕೊಟ್ಟಿದೆ. ಆದರೆ ಹಕ್ಕು ಅರಣ್ಯಭೂಮಿಯ ಮೇಲೆ. ಈ ತಾಲೂಕಿನ ಗುಡ್ಡೆಗಳಲ್ಲಿ ಬಹುಪಾಲು ಖಾಸಗಿ ಅಥವಾ ನೆಡುತೋಪು. ತೋಟದ ಬದಿಯ ಪೊದೆ ಕಡಿದು ರಬ್ಬರ್ ಇಟ್ಟ ಮೇಲೆ ಬೂರು ಸಿಗುವುದು ಇನ್ನೂ ದೂರದಲ್ಲಿ. ಬುಟ್ಟಿ ಕೊಳ್ಳುವವರು ಪ್ಲಾಸ್ಟಿಕ್ಕಿಗೆ ಹೋಗಿಯಾಗಿದೆ. ಅರಣ್ಯ ರಕ್ಷಕನನ್ನು ಖಳನನ್ನಾಗಿ ನಿಲ್ಲಿಸುವ ಕಥೆಗಳು ವಯನಾಡಿಗೆ ಒಪ್ಪೀತು, ಮಂಜೇಶ್ವರಕ್ಕೆ ಒಪ್ಪುವುದು ಕಷ್ಟ. ಇಲ್ಲಿ ಬೇಲಿ ಹಾಕಿದವರು ನೆರೆಮನೆಯವರೇ.

ಹಸಿವಿನ ಬಗ್ಗೆ. ಮಳೆಗಾಲದ ಆಟಿ ತಿಂಗಳ ಹಸಿವನ್ನು ಅಜ್ಜನ ಕಾಲದಲ್ಲಿ ಬರೆದಂತೆ ಇವತ್ತು ಬರೆಯಲಾಗದು. ಹಳದಿ ರೇಷನ್ ಕಾರ್ಡಿಗೆ ತಿಂಗಳಿಗೆ 35 ಕಿಲೊ ಧಾನ್ಯ ಬರುತ್ತದೆ. ಅಕ್ಕಿ ಇದೆ, ಮಳೆಗೆ ಕೂಲಿ ಇಲ್ಲ, ಪದಾರ್ಥಕ್ಕೆ ಕಾಸಿಲ್ಲ. ಗಂಜಿಗೆ ಉಪ್ಪು ಹಾಕಿ ಕುಡಿದು ಬೆಳೆಯುವ ಹುಡುಗ ಹೊಟ್ಟೆ ತುಂಬಿದರೂ ರಕ್ತ ಇಲ್ಲದೆ ತರಗತಿಯಲ್ಲಿ ತೂಕಡಿಸುತ್ತಾನೆ. ಕಾದಂಬರಿಕಾರರು ಕಾಣಬೇಕಾದ ಹಸಿವು ಇದು. ಶಾಲೆಯ ಮಧ್ಯಾಹ್ನದ ಊಟ ಎಂಟನೇ ತರಗತಿಯ ತನಕ.

ಇದೊಂದನ್ನು ಬರಹಗಾರರು ಮನಸ್ಸಿಟ್ಟು ನೋಡಬೇಕೆಂದು ನಮ್ಮ ವಿನಂತಿ. ಎಂಟರಿಂದ ಒಂಬತ್ತಕ್ಕೆ ಕಾಲಿಡುವ ಜೂನ್ ತಿಂಗಳಲ್ಲಿ ಆ ಹುಡುಗನ ಸುತ್ತ ಏನೇನು ಕಳಚಿ ಬೀಳುತ್ತದೆ ನೋಡಿ. ಊಟ ನಿಲ್ಲುತ್ತದೆ. ಕಡ್ಡಾಯ ಶಿಕ್ಷಣದ ಕಾಯಿದೆ ಎಂಟನೇ ತರಗತಿಗೆ ಕೈಬಿಡುತ್ತದೆ. ಅದೇ ಹೊತ್ತಿಗೆ ಅಡಿಕೆ ಸುಲಿಯಲು, ಕಲ್ಲು ಕೋರೆಯಲ್ಲಿ ಹೊರಲು, ಮೀನಿನ ಲಾರಿಯಲ್ಲಿ ಕ್ಲೀನರಾಗಿ ಹೋಗಲು ಕರೆ ಬರುತ್ತದೆ. ಅದೇ ವಾರ ಮಳೆ ಹಿಡಿಯುತ್ತದೆ, ತೋಡು ತುಂಬುತ್ತದೆ, ಸಂಕ (ಕಾಲುಸೇತುವೆ) ದಾಟಿ ಬಸ್ಸಿನ ಮಾರ್ಗಕ್ಕೆ ಬರುವುದು ಕಷ್ಟ. ಕೊಡೆ ಮುರಿದಿದೆ, ಯೂನಿಫಾರ್ಮ್ ಹಿಂದಿನ ವರ್ಷದ್ದು ಗಿಡ್ಡವಾಗಿದೆ. ಯಾರೂ ಹೊಡೆದಿಲ್ಲ, ಯಾರೂ ಬೈದಿಲ್ಲ, ಯಾರೂ ಓಡಿಸಿಲ್ಲ. ಒಂದು ಸೋಮವಾರ ಬರುವುದಿಲ್ಲ, ಮರುದಿನವೂ ಇಲ್ಲ, ಎರಡು ವಾರ ಆದ ಮೇಲೆ ಬರಲು ನಾಚಿಕೆ. ಕ್ರೂರಿ ಅಧ್ಯಾಪಕನನ್ನು ಸೃಷ್ಟಿಸಿದರೆ ಅಧ್ಯಾಯ ಬರೆಯುವುದು ಸುಲಭ. ಈ ನಾಚಿಕೆಯನ್ನು ಬರೆಯುವುದು ಕಷ್ಟ, ಕಾದಂಬರಿ ಬೇಕಾಗಿರುವುದು ಅದಕ್ಕೇ. ಇಡೀ ಪುಸ್ತಕದ ತಿರುವು ಎಲ್ಲಿರಬೇಕು ಎಂದು ಕೇಳಿದರೆ ಒಂಬತ್ತನೆಯ ಜೂನಿನಲ್ಲಿ ಎಂದೇ ಹೇಳುತ್ತೇವೆ.

ಆ ಹುಡುಗನನ್ನು ಹುಡುಕಿಕೊಂಡು ಮನೆಗೆ ಹೋಗುವ ಪಾತ್ರ ಯಾವುದು ಎಂಬುದೂ ಮುಖ್ಯ. ಪೇಟೆಯಿಂದ ಬರುವ ಸಮಾಜಸೇವಕನಿಗಿಂತ ಮೊದಲು ಬರುವವರು ಪ್ರಮೋಟರ್. ಪರಿಶಿಷ್ಟ ಪಂಗಡ ಅಭಿವೃದ್ಧಿ ಇಲಾಖೆ ಸಮುದಾಯದಿಂದಲೇ ತಾತ್ಕಾಲಿಕವಾಗಿ ನೇಮಿಸಿಕೊಳ್ಳುವ ಯುವಕ ಯುವತಿಯರು ಇವರು. ಅರ್ಜಿ ತುಂಬಿಸುವುದು, ಆಸ್ಪತ್ರೆಗೆ ಜತೆ ಹೋಗುವುದು, ಶಾಲೆ ಬಿಟ್ಟವರ ಮನೆ ಮೆಟ್ಟಿಲು ಹತ್ತುವುದು, ಊರುಕೂಟ್ಟಕ್ಕೆ (ಬುಡಕಟ್ಟು ಊರಿನ ಸಭೆಗೆ) ಜನ ಸೇರಿಸುವುದು ಎಲ್ಲ ಇವರ ಹೆಗಲ ಮೇಲೆ. ಹೊರಗಿನಿಂದ ಬಂದು ಉದ್ಧರಿಸುವ ನಾಯಕನ ಬದಲು, ತಾನೇ ಪಿಯುಸಿ ಮುಗಿಸಲು ಒದ್ದಾಡಿದ ಅಕ್ಕನೊಬ್ಬಳು ಮಳೆಯಲ್ಲಿ ಆ ಸಂಕ ದಾಟಿ ಬರುವುದನ್ನು ಕನ್ನಡ ಕಾದಂಬರಿಯಲ್ಲಿ ನಾವಿನ್ನೂ ಓದಿಲ್ಲ. (ಇಲ್ಲಿ ಅದು ಪ್ಲಸ್ ಟು, ಮಂಗಳೂರಿನ ಓದುಗರಿಗಾಗಿ ಪಿಯುಸಿ ಎಂದೆವು. ಕಾದಂಬರಿಯಲ್ಲಿ ಪ್ಲಸ್ ಟು ಎಂದೇ ಇರಲಿ.)

ಪ್ರಮಾಣಪತ್ರದ ಗೋಳು ಇನ್ನೊಂದು. ಕೊರಗರಲ್ಲಿ ಬಳಿ (ಕುಲದ ಹೆಸರು) ತಾಯಿಯಿಂದ ಬರುತ್ತದೆ. ಸಂಬಂಧಗಳು ಗಡಿಯ ಎರಡೂ ಕಡೆ ಹರಡಿವೆ. ತಾಯಿ ವರ್ಕಾಡಿಯವಳು, ತಂದೆ ಬಂಟ್ವಾಳ ಕಡೆಯವನು, ಹುಡುಗ ಬೆಳೆದದ್ದು ತಾಯಿಮನೆಯಲ್ಲಿ ಎಂದಿಟ್ಟುಕೊಳ್ಳಿ. ಕೊರಗ ಎಂಬ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದೆ. ಆದರೂ ಪಂಗಡದ ಸವಲತ್ತು ಮೂಲ ರಾಜ್ಯಕ್ಕೆ ಅಂಟಿಕೊಂಡದ್ದು, ಮೂಲವೆಂದು ನೋಡುವುದು ತಂದೆಯ ಕಡೆಯನ್ನು. ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುತ್ತಾರೆ, ವಿಲೇಜ್ ಆಫೀಸಿನಿಂದ ವಿಚಾರಣೆ ಆಗುತ್ತದೆ, ಕಡತ ತಹಶೀಲ್ದಾರರಿಗೆ ಹೋಗುತ್ತದೆ, ಅಲ್ಲಿ ತಂದೆಯ ದಾಖಲೆ ಕೇಳುತ್ತಾರೆ. ತಂದೆಯ ಶಾಲಾ ದಾಖಲೆಯೇ ಇಲ್ಲ, ಅಥವಾ ಅದರಲ್ಲಿ ಹೆಸರು ಬೇರೆ. ಅಜ್ಜಂದಿರ ಕಾಲಕ್ಕೆ ಹುಟ್ಟಿದ ವಾರವೇ ಹೆಸರು: ಐತ, ಅಂಗಾರ, ಗುರುವ, ತುಕ್ರ, ತನಿಯ. ತುಳುವಿನ ಹೆಸರು ಕನ್ನಡ ಶಾಲೆಯ ರಿಜಿಸ್ಟರಿನಿಂದ ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ಹೋಗಿ ಬರುವಷ್ಟರಲ್ಲಿ ಮೂರು ಕಾಗದದಲ್ಲಿ ಮೂರು ರೀತಿ. ಈ ಒಂದು ಕಾಗದವಿಲ್ಲದೆ ವಸತಿಶಾಲೆಯ ಸೀಟು, ವಿದ್ಯಾರ್ಥಿವೇತನ, ಮೀಸಲಾತಿ ಯಾವುದೂ ನಡೆಯುವುದಿಲ್ಲ. ಕಥೆ 2014ಕ್ಕೆ ಮುಂಚಿನದಾದರೆ ತಹಶೀಲ್ದಾರರನ್ನು ಕಾಣಲು ಕಾಸರಗೋಡಿಗೆ ಹೋಗಬೇಕು; ಆಮೇಲಿನದಾದರೆ ಮಂಜೇಶ್ವರ ತಾಲೂಕಿನ ಕಚೇರಿ ಉಪ್ಪಳದಲ್ಲಿದೆ. ಇವತ್ತಿನ ಹುಡುಗನಿಗೆ ತನಿಯ ಎಂದು ಹೆಸರಿಡುವ ಬರಹಗಾರರಿಗೆ ಒಂದು ಮಾತು: ಆ ಹೆಸರು ಅಜ್ಜನಿಗಿರಲಿ. ಮೊಮ್ಮಕ್ಕಳ ಹೆಸರು ತರಗತಿಯ ಉಳಿದ ಮಕ್ಕಳಂತೆಯೇ ಸುದೀಪ, ಅಕ್ಷಯ, ಪ್ರಜ್ವಲ್.

ಇನ್ನು ಮಾತಿನ ವಿಷಯ. ಇಲ್ಲಿ ನಮ್ಮ ಕನ್ನಡಿಗರ ಮನಸ್ಸಿಗೆ ತಾಗುವಂಥದ್ದನ್ನು ಹೇಳಬೇಕಾಗಿದೆ. 1956ರ ನವೆಂಬರ್ 1ರಿಂದ ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಮಗುವಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕೆಂಬ ಸಂವಿಧಾನದ 350ಎ ವಿಧಿಯನ್ನು ಎಲ್ಲ ಮನವಿಗಳಲ್ಲೂ ಬರೆಯುತ್ತೇವೆ. ಕೊರಗ ಮಗುವಿನ ತಾಯ್ನುಡಿ ಕನ್ನಡವಲ್ಲ, ಕೊರಗ ಭಾಷೆ. ಡಿ. ಎನ್. ಶಂಕರ ಭಟ್ಟರು ಅದರ ವ್ಯಾಕರಣವನ್ನು 1971ರಲ್ಲೇ ಪ್ರಕಟಿಸಿದ್ದಾರೆ. ಅದು ದ್ರಾವಿಡ ಕುಟುಂಬದ ಸ್ವತಂತ್ರ ಭಾಷೆ, ಒಳಗೆ ಉಪಭಾಷೆಗಳೂ ಉಂಟು. ಆ ಮಗು ಮನೆಯಲ್ಲಿ ಒಂದು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಹೀಗೆ ನಾಲ್ಕು ಮಾತಿನ ನಡುವೆ ಬೆಳೆಯುತ್ತದೆ. ಕಾದಂಬರಿಯಲ್ಲಿ ಮಾತ್ರ ಅದರ ಬಾಯಿಗೆ ತೊದಲು ಕನ್ನಡ ಹಾಕುತ್ತೇವೆ. ತಾಯಿಯ ಜತೆ ತನ್ನ ಭಾಷೆಯಲ್ಲಿ ಮಾತಾಡುವ ಹುಡುಗ ತೊದಲುವುದಿಲ್ಲ. ಆ ಸಂಭಾಷಣೆಯನ್ನು ಹರಿಯುವ ಕನ್ನಡದಲ್ಲೇ ಬರೆಯಬೇಕು. ತೊದಲು ಬರಬೇಕಾದ್ದು ಒಂದನೇ, ಎರಡನೇ ತರಗತಿಯ ದೃಶ್ಯದಲ್ಲಿ, ಅವನು ಮೇಷ್ಟ್ರಿಗೆ ಕನ್ನಡದಲ್ಲಿ ಉತ್ತರಿಸುವಾಗ. ಆಮೇಲೆ ವಸತಿಶಾಲೆಯಲ್ಲಿ, ಮಲಯಾಳದಲ್ಲಿ.

ವಸತಿಶಾಲೆಯಲ್ಲಿ ಅನ್ನ, ಬಟ್ಟೆ, ಹಾಸಿಗೆ, ಟ್ಯೂಷನ್ ಎಲ್ಲ ಉಂಟು. ಅಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಮಲಯಾಳ. ಕನ್ನಡ ಕಲಿತು ಹೋದವನು ಎಡವುವ ಜಾಗಗಳು ಗೊತ್ತಿರುವಂಥವೇ: ಚಿಲ್ಲಕ್ಷರಗಳು (ಸ್ವರವಿಲ್ಲದ ವ್ಯಂಜನದ ಬೇರೆ ಲಿಪಿರೂಪಗಳು), ಒತ್ತಕ್ಷರದ ಬೇರೆ ರೂಪಗಳು, ಈಗಿನ ಕನ್ನಡದಲ್ಲಿ ಇಲ್ಲದ ‘ೞ’ದ ಉಚ್ಚಾರ. ಗಣಿತ ಗೊತ್ತಿದ್ದೂ ಪ್ರಶ್ನೆ ಓದಲಾಗದೆ ಸೊನ್ನೆ ಬರುತ್ತದೆ. ಓಣಂ ರಜೆಗೆ ಮನೆಗೆ ಬಂದವನು ಮರಳಿ ಹೋಗುವುದಿಲ್ಲ. ಅಮೆರಿಕದ ಕಾದಂಬರಿಯಲ್ಲಿ ಹುಡುಗನ ನಾಲಗೆಯನ್ನು ಶಾಲೆ ಬಲವಂತದಿಂದ ಕಿತ್ತುಕೊಂಡಿತು. ಇಲ್ಲಿ ಯಾರೂ ತಡೆದಿಲ್ಲ. ಅವನ ಭಾಷೆ ಅಲ್ಲಿ ಯಾರಿಗೂ ಗೊತ್ತಿಲ್ಲ, ಅಷ್ಟೇ. ಕನ್ನಡ ಶಾಲೆಯಲ್ಲೂ ಗೊತ್ತಿರಲಿಲ್ಲ. ಈ ಎರಡನೆಯ ವಾಕ್ಯವನ್ನು ಬರೆಯದೆ ಮೊದಲನೆಯದನ್ನು ಮಾತ್ರ ಬರೆದು ಮಲಯಾಳದ ಮೇಲೆ ಸಿಟ್ಟು ತೀರಿಸಿಕೊಳ್ಳುವ ಕಾದಂಬರಿ ಕೊರಗ ಹುಡುಗನದ್ದಾಗುವುದಿಲ್ಲ, ನಮ್ಮದಾಗುತ್ತದೆ.

ಹೊರಗಿನವರು ಬರೆಯಲೇಬಾರದು ಎಂಬುದು ನಮ್ಮ ಮಾತಲ್ಲ. ಆದರೆ ಮಲಯಾಳದಲ್ಲಿ ಮಲೆಅರಯ ಸಮುದಾಯದ ನಾರಾಯನ್ ಅವರು ತಮ್ಮ ಜನರ ಬಗ್ಗೆ ತಾವೇ ಬರೆದ ‘ಕೊಚ್ಚರೇತ್ತಿ’ 1998ರಲ್ಲಿ ಬಂದು, ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅಂಚೆ ಇಲಾಖೆಯಲ್ಲಿ ದುಡಿಯುತ್ತಲೇ ಅವರು ಅದನ್ನು ಬರೆದರು. ಕಾಸರಗೋಡಿನ ಕೊರಗ ಯುವಜನರಲ್ಲೂ ಓದಿದವರು, ಬರೆಯಬಲ್ಲವರು ಇದ್ದಾರೆ. ಅವರ ಕೈಗೆ ಪೆನ್ನು ಬರುವ ತನಕ ಹೊರಗಿನವರು ಬರೆಯುವುದಾದರೆ, ಅಚ್ಚಿಗೆ ಕೊಡುವ ಮುನ್ನ ಹಸ್ತಪ್ರತಿಯನ್ನು ಸಮುದಾಯದ ಕನಿಷ್ಠ ಮೂವರಿಗೆ ಓದಿಸಬೇಕು: ಹಿರಿಯರೊಬ್ಬರಿಗೆ, ಪ್ರಮೋಟರ್ ಆಗಿ ಕೆಲಸ ಮಾಡಿದ ಒಬ್ಬರಿಗೆ, ಹೈಸ್ಕೂಲಿನ ವಿದ್ಯಾರ್ಥಿ ಒಬ್ಬನಿಗೆ. ಓದಲು ಕಷ್ಟವಾಗುವ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಒಂದೇ ದಿನ ಅಲ್ಲ, ಅಧ್ಯಾಯಕ್ಕೊಂದು ಸಂಜೆಯಂತೆ. ಅವರು ಸುಮ್ಮನಾದ ಜಾಗಗಳನ್ನು ಗುರುತು ಹಾಕಿಕೊಳ್ಳಬೇಕು. "ಇದು ಸರಿ ಇಲ್ಲ" ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ಅವರ ಸಮಯಕ್ಕೆ ಅಂದಿನ ಕೂಲಿಗೆ ಕಡಿಮೆಯಾಗದಂತೆ ಗೌರವಧನ ಕೊಡಬೇಕು. ಮುನ್ನುಡಿಯ ಕೊನೆಯ ಸಾಲಿನಲ್ಲಿ ಕೃತಜ್ಞತೆ ಹೇಳಿ ಮುಗಿಸದೆ, ಒಪ್ಪಿದರೆ ಒಳಪುಟದಲ್ಲಿ ಹೆಸರು ಹಾಕಬೇಕು.

ಶಾಲೆಯ ಮಕ್ಕಳಿಗಾಗಿಯೇ ಬರೆಯುವುದಾದರೆ ಮೂವತ್ತು ಸಾವಿರ ಪದ ಸಾಕು, ಡೆಮಿ ಅಷ್ಟದಳದಲ್ಲಿ ಸುಮಾರು 130 ಪುಟ ಆಗುತ್ತದೆ. ಅಧ್ಯಾಯ ಒಂದು ಪೀರಿಯಡ್‌ನಲ್ಲಿ ಗಟ್ಟಿಯಾಗಿ ಓದಿ ಮುಗಿಯುವಷ್ಟಿರಲಿ, 1,500 ಪದ ದಾಟದಿರಲಿ. ತುಳು, ಕೊರಗ ಪದಗಳ ಅರ್ಥ ಆಯಾ ಪುಟದ ಕೆಳಗೇ ಇರಲಿ. ಪುಸ್ತಕದ ಕೊನೆಗೆ ಹಾಕಿದರೆ ಮಕ್ಕಳು ತಿರುವುವುದಿಲ್ಲ. ಕೊರಗ ಭಾಷೆಯ ವಾಕ್ಯಗಳು ಗೊತ್ತಿಲ್ಲದಿದ್ದರೆ ಕಟ್ಟಿ ಬರೆಯಬೇಡಿ, ಒಂದೂ ಇಲ್ಲದಿದ್ದರೂ ನಡೆಯುತ್ತದೆ. 2024ರ ಜೂನಿನಲ್ಲಿ ಕೇರಳ ಸರಕಾರ ಪರಿಶಿಷ್ಟರ ವಸತಿಗಳಿಗೆ ಕಾಲನಿ ಎಂಬ ಹೆಸರನ್ನು ಕೈಬಿಟ್ಟಿದೆ. ಆಮೇಲಿನ ಕಥೆಯಾದರೆ ಊರಿನ ಫಲಕ ಹೊಸ ಹೆಸರಿನದ್ದಾಗಿರಬೇಕು, ಜನರ ಬಾಯಲ್ಲಿ ಹಳೆಯದೇ ಇದ್ದರೂ.

ಕೊನೆಯದಾಗಿ ನಿಮ್ಮ ಪತ್ರಿಕೆಗೂ ಪ್ರಕಾಶಕರಿಗೂ ಒಂದು ಕೋರಿಕೆ. ಇಂಥ ಕಥೆಗಳಿಗೆ ಚಿತ್ರ ಬರೆಸುವಾಗ ಸೊಪ್ಪು ಉಟ್ಟ, ಬರಿಮೈಯ, ಡೋಲು ಹೊತ್ತ ಆಕೃತಿ ಬೇಡ. ಅದು ಬ್ರಿಟಿಷರ ಕಾಲದ ಜನಾಂಗ ವರ್ಣನೆಯ ಪುಸ್ತಕಗಳಿಂದ ಇಳಿದು ಬಂದದ್ದು. ಮುಖಪುಟ ನೋಡಿದ ಕೂಡಲೇ ತರಗತಿಯ ಉಳಿದ ಮಕ್ಕಳು ಒಬ್ಬನ ಕಡೆ ತಿರುಗಿ ನೋಡುತ್ತಾರೆ, ಆ ಪುಸ್ತಕವನ್ನು ಅವನು ಮನೆಗೆ ಒಯ್ಯುವುದಿಲ್ಲ. ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಅಧ್ಯಾಪಕರೂ ಖರೀದಿ ಪಟ್ಟಿಗೆ ಸಹಿ ಹಾಕುವ ಮುನ್ನ ಮುಖಪುಟವನ್ನೊಮ್ಮೆ ಆ ಮಗುವಿನ ಬೆಂಚಿನಲ್ಲಿ ಕೂತು ನೋಡಬೇಕೆಂದು ವಿನಂತಿ.

ಇತಿ,
ಕನ್ನಡ ಮಾಧ್ಯಮ ಶಾಲೆಗಳ ಗ್ರಂಥಾಲಯ ನೋಡಿಕೊಳ್ಳುವ ಕೆಲವು ಅಧ್ಯಾಪಕರು
ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ